ಅವರೆಕಾಳು ತಡೆದ ಮೆಸ್ಸೀಯ

ರೂಬೆನ್ ಪೆಣಕರನ ಲೆಕ್ಕಕ್ಕೆ ಅಡುಗೆಯ ಅಗಾತಾ ಕವಡೆಕಾಸಿನ ಕಿಮ್ಮತ್ತೂ ಕೊಡುತ್ತಿರಲಿಲ್ಲ. ಮುಂಬೈ ಕಡೆಯ ಯೆಹೂದಿಯಾದ ಆತ ಗಲ್ಫಿನ ಅಲ್ ಮುರಕ್ಕಬಾತ್ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತು, ಧರ್ಮಗ್ರಂಥದ ಅಕ್ಷರಗಳನ್ನು ಕೂಡಿಸಿ ಕಳೆದು, ಈ ಆಗಸ್ಟಿನ ಶೋಕದ ಉಪವಾಸದ ದಿನ ಲೋಕೋದ್ಧಾರಕ ಮೆಸ್ಸೀಯ ಬಂದೇ ಬರುತ್ತಾನೆಂದು ಸಾರಿದ್ದ. ಬರಲಿ, ಅಗಾತಾಳ ಗಂಟೇನು ಹೋಗುತ್ತದೆ? ಅವಳ ಇಗರ್ಜಿಯವರೂ ಎರಡು ಸಾವಿರ ವರ್ಷದಿಂದ ಕಾಯುತ್ತಲೇ ಇದ್ದಾರೆ. ಆದರೆ ಕಾಯುತ್ತಾ ಡಾಕ್ಟರ ಬಳಿಗೂ ಹೋಗುತ್ತಾರೆ. ಅವಳ ಮೈ ಉರಿಯುತ್ತಿದ್ದುದು ರೂಬೆನನ ಹೆಂಡತಿ ಲಿಯಾಳ ಎದೆಯಲ್ಲಿದ್ದ ಗಡ್ಡೆಯ ವಿಷಯಕ್ಕೆ. ಜೂನಿನಲ್ಲೇ ತೆಗೆಸಿ ಎಂದಿದ್ದರು ಡಾಕ್ಟರು. ಮೆಸ್ಸೀಯ ಬಂದ ಮೇಲೆ ರೋಗವೇ ಇರುವುದಿಲ್ಲ, ಕತ್ತರಿ ಯಾಕೆ ಎಂದು ಈ ಮಹಾನುಭಾವ ಎರಡು ಸಲ ಮುಂದೂಡಿಸಿದ್ದ.

"ಭಾನುವಾರ ಕತ್ತಲಾಗುವುದರೊಳಗೆ ಬಾರದಿದ್ದರೆ ಸೋಮವಾರ ಆಸ್ಪತ್ರೆ ಸೇರ್ತೇನೆ, ಅಗಾತಾ," ಎಂದು ಲಿಯಾ ಮಾತು ಕೊಟ್ಟಿದ್ದಳು. ಅಬುಧಾಬಿಯ ಆಸ್ಪತ್ರೆಗೆ ಫೋನು ಮಾಡಿ ಹಾಸಿಗೆ ಕಾದಿರಿಸಿದವಳು ಅಗಾತಾಳೇ.

ಯೆರೂಸಲೇಮಿನ ದೇವಾಲಯ ಬಿದ್ದದ್ದಕ್ಕಾಗಿ ಹಿಡಿಯುವ ಆ ಉಪವಾಸವನ್ನು ಮೊಳಕೆಯೊಡೆದ ಅವರೆಕಾಳಿನ ಸಾರಿನಿಂದ ಬಿಡುವುದು ಅವರ ಮನೆತನದ ಪದ್ಧತಿ. ಈ ಸಲ ಉಪವಾಸವೇ ಹಬ್ಬವಾಗುತ್ತದೆ, ಕಾಳು ನೆನೆಹಾಕಕೂಡದು ಎಂದು ರೂಬೆನ್ ಕಟ್ಟಪ್ಪಣೆ ಮಾಡಿದ್ದ. ಬದಲಿಗೆ ಅವಲಕ್ಕಿ, ತೆಂಗಿನತುರಿ, ಸಕ್ಕರೆ ಕಲಸಿದ ಮಲೀದಾ ಮೆಸ್ಸೀಯನ ಬರವು ಸಾರುವ ಪ್ರವಾದಿ ಎಲಿಯಾನ ಹೆಸರಿನಲ್ಲಿ ಮೇಜಿನ ಮೇಲೆ ಸಿದ್ಧವಿತ್ತು.

ಭಾನುವಾರ ಕತ್ತಲಾಯಿತು. ಯಾರೂ ಬರಲಿಲ್ಲ. ಅಗಾತಾಳಿಗೆ ಒಳಗೊಳಗೇ ಖುಷಿ. ಕದ್ದು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಅವರೆಕಾಳನ್ನು ಒಲೆಗೇರಿಸಿದಳು. ಒಗ್ಗರಣೆಯ ವಾಸನೆಗೆ ರೂಬೆನ್ ಅಡುಗೆಮನೆಗೆ ನುಗ್ಗಿದ.

"ಯಾವಾಗ ನೆನೆಹಾಕಿದ್ದು ಇದನ್ನು?"

"ಶುಕ್ರವಾರ. ಯಾರೂ ಬರುವುದಿಲ್ಲ ಅಂತ ನನಗೆ ಗೊತ್ತುಂಟಲ್ಲ. ಎಂತ ಈಗ?"

ಹೊಡೆಯಲು ಬರುತ್ತಾನೆಂದುಕೊಂಡಿದ್ದಳು. ಅವನ ಮುಖ ಅರಳಿತು.

"ಲಿಯಾ! ಲೆಕ್ಕ ತಪ್ಪಿಲ್ಲ! ಅಪನಂಬಿಕೆಯನ್ನು ಮನೆಯೊಳಗೇ ಇಟ್ಟುಕೊಂಡು ಕಾದಿದ್ದೇವೆ. ಬಾಗಿಲವರೆಗೆ ಬಂದವನು ಇವಳಿಂದ ವಾಪಸ್ ಹೋದ. ಮತ್ತೆ ಎಣಿಸ್ತೇನೆ. ಏಪ್ರಿಲ್‌ನ ಪಸ್ಕಹಬ್ಬಕ್ಕೆ ಖಂಡಿತ!"

"ಒಂದು ಪಾವು ಅವರೆಕಾಳಿಗೆ ಹೆದರಿ ಓಡುವವನು ನಿಮ್ಮನ್ನು ಎಂತ ಕಾಪಾಡುವುದು ಸಾರ್?" ಅಗಾತಾ ಸೌಟು ಕುಕ್ಕಿದಳು. "ಲಿಯಾಬಾಯಿ, ನೀವೇ ಹೇಳಿ. ನಾಳೆ ಆಸ್ಪತ್ರೆ. ಖಲಾಸ್."

ಲಿಯಾ ಬಾಗಿಲಲ್ಲಿ ನಿಂತಿದ್ದಳು. ಇಡೀ ದಿನ ಬಿಳುಚಿಕೊಂಡಿದ್ದ ಮುಖಕ್ಕೆ ಈಗ ರಂಗು ಬಂದಿತ್ತು.

"ದೇವರು ನನ್ನ ಕೈಬಿಟ್ಟ ಅಂದುಕೊಂಡಿದ್ದೆ," ಎಂದಳು. "ಅವನಲ್ಲ. ನೀನು. ಆರು ವರ್ಷ ಈ ಮನೆಯ ಅನ್ನ ಉಂಡು ಹೀಗೆ ಮಾಡಿದೆಯಾ?"

ಆ ಹೊತ್ತಿಗೇ ಆಸ್ಪತ್ರೆಯಿಂದ ಫೋನು ಬಂತು. ಲಿಯಾ ತೆಗೆದುಕೊಂಡು, ಬರುವುದಿಲ್ಲ, ಹಾಸಿಗೆ ಬೇರೆಯವರಿಗೆ ಕೊಡಿ ಎಂದಳು. ಅಗಾತಾಳ ಸಿಟ್ಟೆಲ್ಲ ಇಳಿಯಿತು.

"ತಪ್ಪು ನನ್ನದೇ ಬಾಯಿ. ಬಂದವನನ್ನು ನಾನೇ ಓಡಿಸಿದೆ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿ ನನ್ನನ್ನು. ನೀವು ಮಾತ್ರ ನಾಳೆ ಹೋಗಿ. ಏಪ್ರಿಲ್‌ವರೆಗೆ ಆ ಗಡ್ಡೆ ಕಾಯುವುದಿಲ್ಲ."

"ಈಗ ಹೋದರೆ ಅಪನಂಬಿಕೆ ನನ್ನದಾಗ್ತದೆ," ಎಂದು ಲಿಯಾ ಫೋನು ಕೆಳಗಿಟ್ಟಳು.