ಜಯಕುಮಾರನ ದೊಡ್ಡ ಆಲ್ಟರ್ನೇಟರ್

ಅಡುಗೆ ಭದ್ರಮ್ಮನ ಪಿಕಪ್ಪಿಗೆ ಇಪ್ಪತ್ತಾರು ವರ್ಷ. ಕೆ. ಹೊಸಕೋಟೆ ಸುತ್ತಮುತ್ತ ಎಲ್ಲಿ ಮದುವೆಯಾದರೂ ಕೊಪ್ಪರಿಗೆ, ಒಲೆಗಳನ್ನು ಹೊತ್ತು ಅದೇ ಹೋಗಬೇಕು. ಓಡಿಸುವವನು ಅವಳ ತಮ್ಮ ಜಯಕುಮಾರ್. ಕರೆಂಟು ಕೈಕೊಟ್ಟರೆ ಇರಲಿ ಎಂದು ಗಾಡಿಯ ಹಿಂದೆ ಇನ್ವರ್ಟರ್ ಇಟ್ಟು ಗ್ರೈಂಡರ್ ಓಡಿಸುವ ಏರ್ಪಾಡು ಅವನದೇ. ಅಷ್ಟು ಕೆಲಸಕ್ಕೆ ಬ್ಯಾಟರಿ ತುಂಬಿಸಲು ಹಳೆಯ ಆಲ್ಟರ್ನೇಟರ್ ಸಾಲದೆಂದು, ಅದರ ಎರಡರಷ್ಟು ದೊಡ್ಡದನ್ನು ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ತಾನೇ ಕೂರಿಸಿದ್ದ. ಆದರೂ ಬ್ಯಾಟರಿ ಮಲಗುವುದು ತಪ್ಪಲಿಲ್ಲ. ಎರಡು ಬದಲಾಯಿಸಿದ, ಮೂರನೆಯದೂ ಅದೇ ದಾರಿ ಹಿಡಿಯಿತು.

ವನಗೂರಿನ ಆರತಕ್ಷತೆಗೆ ಹೊರಟ ಬೆಳಿಗ್ಗೆ ದಟ್ಟ ಮಂಜು. ಲೈಟು, ವೈಪರ್ ಹಾಕಿಕೊಂಡೇ ಏರು ಹತ್ತುತ್ತಿದ್ದರು. ಎದುರು ಬಂದ ಜೀಪಿಗೆ ದಾರಿ ಬಿಡುವಾಗ ಎಂಜಿನ್ ನಿಂತಿತು. ಕೀ ತಿರುಗಿಸಿದರೆ 'ಟಿಕ್' ಎಂದಿತು, ಅಷ್ಟೇ.

"ಏಳ್ನೂರು ಜನಕ್ಕೆ ಅಡುಗೆ ಆಗ್ಬೇಕು ಕಣೋ!" ಭದ್ರಮ್ಮ ಕೂಗಿದಳು.

"ಬ್ಯಾಟರಿ ಅಂಗಡಿಯವ್ನು ಮೋಸ ಮಾಡ್ಬುಟ್ಟ, ಅಕ್ಕಾ."

"ಮೂರು ಅಂಗಡಿಯವ್ರೂನಾ?"

ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಯಂತ್ರದ ಮೋಟರ್ ರಿಪೇರಿಗೆ ಬಂದಿದ್ದ ಸುಚಿತ್ರಾ ಗದ್ದಲ ಕೇಳಿ ಗೇಟಿನಾಚೆ ಬಂದಳು. ಕೈಯಲ್ಲಿ ವೋಲ್ಟು ಅಳೆಯುವ ಮೀಟರ್ ಇತ್ತು. ತಾನು ಮೋಟರ್ ರಿಪೇರಿಯವಳು, ಒಮ್ಮೆ ನೋಡಲೇ ಎಂದು ಕೇಳಿದಳು.

"ಇದು ಮೋಟರ್ ಅಲ್ಲ ಕಣ್ರೀ, ಗಾಡಿ," ಎಂದ ಜಯಕುಮಾರ್.

"ಕರೆಂಟಿಗೆ ಅದೇನ್ ಗೊತ್ತು ಮಾರಾಯ್ರೆ? ಹೆಂಗಾದ್ರೂ ಸ್ಟಾರ್ಟ್ ಮಾಡಿ, ನೋಡಾಣ."

ಗಾಡಿಯನ್ನು ಇಳಿಜಾರಿನಲ್ಲಿ ಹಿಂದಕ್ಕೆ ಬಿಟ್ಟು, ರಿವರ್ಸ್ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಕೆಮ್ಮಿ ಎದ್ದಿತು. ಲೈಟು, ಗ್ರೈಂಡರ್ ಎಲ್ಲ ಹಾಕಿಸಿ ಸುಚಿತ್ರಾ ಮೀಟರ್ ಹಿಡಿದಳು. ಆಲ್ಟರ್ನೇಟರಿನಲ್ಲಿ ಹದಿನಾಲ್ಕು ವೋಲ್ಟು. ಬ್ಯಾಟರಿಯಲ್ಲಿ ಹನ್ನೆರಡು.

"ಇನ್ನೆರಡು ಎಲ್ಲೋಯ್ತು?" ಅವನು ಕಣ್ಣರಳಿಸಿದ.

"ದಾರೀಲೇ ಸೋರೋಯ್ತು. ಬ್ಯಾಟರಿಗೆ ಹೋಗೋ ಈ ವೈರ್ ಮುಟ್ಟಿ."

ಮುಟ್ಟಿದವನೇ ಬೆರಳು ಹಿಂದಕ್ಕೆಳೆದುಕೊಂಡ. ಸುಡುತ್ತಿತ್ತು.

"ದೊಡ್ಡ ಪಂಪ್ ತಂದು ಅರ್ಧ ಇಂಚಿನ ಪೈಪ್ ಹಾಕ್ದಂಗಾಗೈತೆ. ವೈರ್ ಹಳೇ ಸಣ್ಣದೇ ಬುಟ್ಟಿದೀರಲ್ಲ. ಆಲ್ಟರ್ನೇಟರ್ ಕೂರ್ಸಿರೋದು ಮಾತ್ರ ಚೆನ್ನಾಗೈತೆ."

ಬೈಗುಳಕ್ಕೆ ತಯಾರಾಗಿದ್ದ ಜಯಕುಮಾರನಿಗೆ ಆ ಕೊನೆಯ ಮಾತಿನಿಂದ ಜೀವ ಬಂತು. ಎಂಜಿನ್ ನಿಲ್ಲಿಸಿ, ಬ್ಯಾಟರಿ ಬಿಚ್ಚಿಟ್ಟು, ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿದರು. ಅವಳ ಪೆಟ್ಟಿಗೆಯಿಂದ ಹೆಬ್ಬೆರಳು ದಪ್ಪದ ಕೇಬಲ್ ಬಂತು. ಬ್ಯಾಟರಿ ಹತ್ತಿರ ಒಂದು ಫ್ಯೂಸ್ ಕೂತಿತು. ಎಂಜಿನ್ನಿನಿಂದ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಹೋಗುವ ತುಕ್ಕು ಹಿಡಿದ ಅರ್ತ್ ಪಟ್ಟಿಯನ್ನು ಕಿತ್ತು, ಜಾಗ ಉಜ್ಜಿ, ಹೊಸದನ್ನು ಬಿಗಿದರು. ಅಷ್ಟರಲ್ಲಿ ಭದ್ರಮ್ಮ ರಸ್ತೆಬದಿಯಲ್ಲೇ ಒಲೆ ಹಚ್ಚಿ ಎಲ್ಲರಿಗೂ ಉಪ್ಪಿಟ್ಟು ಕೆದಕಿದ್ದಳು.

ಬ್ಯಾಟರಿ ಜೋಡಿಸಿ, ಮತ್ತೆ ಹಾಗೇ ಇಳಿಜಾರಿಗೆ ಬಿಟ್ಟು ಸ್ಟಾರ್ಟ್ ಮಾಡಿದರು. ಈಗ ಎರಡೂ ಕಡೆ ಹದಿನಾಲ್ಕು. ಅರ್ಧ ಗಂಟೆ ಎಂಜಿನ್ ಓಡಿತು; ಹಿಂದೆ ಗ್ರೈಂಡರಿನಲ್ಲಿ ಸಾರಿನ ಮಸಾಲೆ ರುಬ್ಬಿ ಮುಗಿಯಿತು.

ಹೊರಟು ಒಂದು ಫರ್ಲಾಂಗ್ ಹೋಗಿರಲಿಲ್ಲ, ಜಯಕುಮಾರ್ ಬೇಕೆಂದೇ ಎಂಜಿನ್ ಆಫ್ ಮಾಡಿದ. ಭದ್ರಮ್ಮ ಎದೆ ಹಿಡಿದುಕೊಂಡಳು. ಕೀ ತಿರುಗಿಸಿದ; ತಕ್ಷಣ ಹೊತ್ತಿತು. ಮುಂದಿನ ತಿರುವಿನಲ್ಲೂ ಹಾಗೇ ಮಾಡಿದ. ಅದರ ಮುಂದಿನದರಲ್ಲೂ.

"ಇನ್ನೊಂದ್ ಸಲ ಆಫ್ ಮಾಡಿದ್ರೆ ಇಳ್ದು ನಡ್ಕೊಂಡೇ ಹೋಗ್ಬುಡ್ತೀನಿ," ಎಂದಳು ಅಕ್ಕ. ಮುಖದಲ್ಲಿ ಮಾತ್ರ ನಗು ತಡೆಯಲಾಗಲಿಲ್ಲ.