ಅಫೀಮಿನ ಪೆಟ್ಟಿಗೆ

“ಏನ್ ಕೇಳಾಕತ್ತಾರ ಅವರು?” ಎಂದಳು ಗುರುದೇವಿ.

“ಈ ಬಾಕ್ಸ್ ಏನಂತ,” ಎಂದಳು ಮೊಮ್ಮಗಳು ಅನ್ವಿತಾ.

ಕೇಳಿದವರು ವರನ ಅಜ್ಜಿ, ಹಾಂಗ್‌ಕಾಂಗಿನಿಂದ ಬಂದು ಲಂಡನ್ನಿನಲ್ಲೇ ಮುದುಕಿಯಾದ ಲ್ಯಾಮ್ ಅಜ್ಜಿ. ಅದೇ ಲಂಡನ್ನಿನ ಪಿನ್ನರ್ ಬಡಾವಣೆಯಲ್ಲಿರುವ ಗುರುದೇವಿಯ ಮಗಳ ಮನೆಯಲ್ಲಿ ಇವತ್ತು ಅನ್ವಿತಾಳಿಗೆ ಅರಿಶಿನ ಹಚ್ಚುವ ಶಾಸ್ತ್ರ. ಅವಳ ತವರಿನ ಹೆಣ್ಣುಮಕ್ಕಳೆಲ್ಲ ಆ ಮರದ ಪೆಟ್ಟಿಗೆಯ ಮೇಲೆ ಕೂತೇ ಅರಿಶಿನ ಹಚ್ಚಿಸಿಕೊಂಡವರು. ಧಾರವಾಡದ ಪಡಸಾಲೆಯಲ್ಲಿ ಕೂತಾಗ ಗಿಡ್ಡಿ ಗುರುದೇವಿಯ ಕಾಲು ನೆಲಕ್ಕೆ ಎಟುಕದ್ದಕ್ಕೆ ಅತ್ತಿಗೆಯರು ನಕ್ಕದ್ದು ಇನ್ನೂ ಅವಳ ಕಿವಿಯಲ್ಲಿದೆ. ಮೊಮ್ಮಗಳನ್ನೂ ಅಲ್ಲಿ ಕೂರಿಸಿ ಕಣ್ತುಂಬಿಕೊಳ್ಳಬೇಕೆಂದೇ, ಅಳಿಯ ಗೊಣಗಿದರೂ ಕೇಳದೆ, ಅದನ್ನು ಹಡಗಿನಲ್ಲಿ ತರಿಸಿಕೊಂಡಿದ್ದಳು.

ಹೆಮ್ಮೆ ಬಾಯಿ ಬಿಡಿಸಿತು. “ನಮ್ಮ ಅಜ್ಜ ಮುಂಬಯಿ ಬಂದರದಾಗ ಸರಕಾರಿ ನೌಕರ. ಚೀನಾಕ್ಕ ಹೋಗೋ ಅಫೀಮಿನ ಪೆಟ್ಟಿಗಿಗೆ ಸುಂಕ ತಗೊಂಡು ಮುದ್ರಿ ಒತ್ತೋದು ಅವರ ಕೆಲಸ. ಆಮ್ಯಾಲ ಬ್ರಿಟಿಷರಿಗೂ ಚೀನಾದವರಿಗೂ ಕರಾರಾಗಿ ವ್ಯಾಪಾರ ನಿಂತು, ನೌಕರಿ ಹೋತು. ಖಾಲಿ ಪೆಟ್ಟಿಗಿ ಹೊತಗೊಂಡು ಊರಿಗೆ ಬಂದರು. ಹೇಳು ಅವರಿಗೆ.”

ಅನ್ವಿತಾಳ ಮುಖ ಸಪ್ಪಗಾಯಿತು. “ಜಸ್ಟ್ ಆ್ಯನ್ ಓಲ್ಡ್ ಟ್ರಂಕ್, ಗ್ರಾನ್,” ಎಂದು ಲ್ಯಾಮ್ ಅಜ್ಜಿಗೆ ಹೇಳಿ ಮುಗಿಸಿದಳು.

ಅಷ್ಟುದ್ದದ ಮಾತು ಇಷ್ಟಕ್ಕೇ ಮುಗಿದರೆ ಗುರುದೇವಿ ಬಿಡುವವಳಲ್ಲ. “ಅಫೀಮು ಎಲ್ಲಿ ಹೋತು? ಪೂರಾ ಹೇಳವಾ.”

“ಅಜ್ಜಿ, ಪ್ಲೀಸ್. ಲ್ಯಾಮ್ ಅಜ್ಜಿ ಅವರ ಅಜ್ಜ ಅದನ್ನ ಸೇದಿ ಸೇದೀನ ಸತ್ತಾರ. ಮನಿ, ಅಂಗಡಿ, ಎವ್ರಿಥಿಂಗ್ ಹೋತು.”

ತನ್ನ ಅಜ್ಜ ಎಂದರೆ ಗುರುದೇವಿಗೆ ಕಿಸೆಯಲ್ಲಿ ಬೆಲ್ಲ ಇಟ್ಟುಕೊಂಡು ಬರುತ್ತಿದ್ದ ಮುದುಕ. ಅವನು ಮುದ್ರೆ ಒತ್ತಿದ ಪೆಟ್ಟಿಗೆಗಳು ಸಮುದ್ರ ದಾಟಿ ಯಾರ ಮನೆ ಸೇರಿದವೆಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅಜ್ಜನ ಮೇಲಿನ ಮಮತೆ ಮಾತ್ರ ಕಡಿಮೆಯಾಗಲಿಲ್ಲ, ಅದಕ್ಕೂ ನಾಚಿಕೆಯಾಯಿತು.

“ಕುರ್ಚಿ ತಗೊಂಬಾ,” ಎಂದಳು. “ಇದರ ಮ್ಯಾಲ ಬ್ಯಾಡ. ಯಾಕಂತ ಅವರಿಗೆ ಹೇಳು, ಒಂದೂ ಬಿಡದಂಗ.”

ಅನ್ವಿತಾ ಹೇಳಿದಳು. ಲ್ಯಾಮ್ ಅಜ್ಜಿ ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡಿದರು. ಆಮೇಲೆ ಎದ್ದು ಬಂದು ಅರಿಶಿನದ ಬಟ್ಟಲಿಗೆ ಬೆರಳದ್ದಿ, ಎಲ್ಲಿ ಹಚ್ಚಬೇಕೆಂದು ಗುರುದೇವಿಯತ್ತ ನೋಡಿದರು. ತೋರಿಸಲೆಂದು ಗುರುದೇವಿ ತನ್ನ ಗಲ್ಲ ಮುಟ್ಟಿಕೊಂಡಳು. ಅವರು ಆ ಗಲ್ಲಕ್ಕೇ ಹಚ್ಚಿಬಿಟ್ಟರು.

ಗಂಡ ತೀರಿಕೊಂಡ ಮೇಲೆ ಗುರುದೇವಿಗೆ ಯಾರೂ ಅರಿಶಿನ ಹಚ್ಚಿರಲಿಲ್ಲ.

“ಅಜ್ಜಿ, ಟಿಶ್ಯೂ ಕೊಡ್ಲೇನ?” ಎಂದಳು ಅನ್ವಿತಾ.

ಗುರುದೇವಿ ಬೇಡವೆಂದು ಕೈಯಾಡಿಸಿ, ಇನ್ನೊಂದು ಗಲ್ಲವನ್ನು ಲ್ಯಾಮ್ ಅಜ್ಜಿಯ ಕಡೆಗೆ ತಿರುಗಿಸಿದಳು.