ಕತ್ತೆ ಪುಸ್ತಕದ ಚೀಟಿ

ಪುಸ್ತಕ ಕೇಳಿಕೊಂಡು ಬಂದವರಿಗೆ ನಾನು ಎರಡೇ ಪ್ರಶ್ನೆ ಹಾಕುತ್ತೇನೆ. ಓದುವವರ ವಯಸ್ಸೆಷ್ಟು? ಈಚೆಗೆ ಯಾವ ಪುಸ್ತಕವನ್ನು ಅರ್ಧಕ್ಕೇ ಬಿಟ್ಟರು? ಏನು ಇಷ್ಟ ಅಂತ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಇದ್ದಕ್ಕಿದ್ದಂತೆ ಎಲ್ಲರೂ ಗಂಭೀರ ಸಾಹಿತ್ಯದ ಅಭಿಮಾನಿಗಳಾಗಿಬಿಡುತ್ತಾರೆ. ಬಿಟ್ಟದ್ದು ಯಾವುದು ಅಂದಾಗ ಮಾತ್ರ ನಿಜ ಹೊರಗೆ ಬರುತ್ತದೆ.

ಇಪ್ಪತ್ತೊಂದು ವರ್ಷದಿಂದ ಈ ಪುಸ್ತಕದ ಅಂಗಡಿಯಲ್ಲಿದ್ದೇನೆ. ಪೆಟ್ಟಿಗೆ ಬಿಚ್ಚುವುದು, ಕಪಾಟು ಜೋಡಿಸುವುದು, ದೂಳು ಒರೆಸುವುದು ನನ್ನ ಕೆಲಸ. ಓದುವುದು ಚಟ. ಓದಿ ಮನಸ್ಸಿಗೆ ಹಿಡಿಸಿದ ಪುಸ್ತಕದ ಕೆಳಗೆ, ಕಪಾಟಿನ ಅಂಚಿಗೆ, ಒಂದು ಹಳದಿ ಚೀಟಿ ಬರೆದು ಅಂಟಿಸುತ್ತೇನೆ. 'ಪುಸ್ತಕ ಅಂದರೆ ಆಗದ ಒಂಬತ್ತು ವರ್ಷದವರಿಗೆ: ಮೂರನೇ ಪುಟದಲ್ಲೇ ಒಬ್ಬ ಮೇಷ್ಟ್ರು ಬಾವಿಗೆ ಬೀಳುತ್ತಾರೆ.' 'ಹದಿನಾರಕ್ಕೆ ಮನಸ್ಸು ಮುರಿದುಕೊಂಡವರಿಗೆ: ಇದು ಪ್ರೇಮಕಥೆಯಲ್ಲ, ಹಿಮದಲ್ಲಿ ಸಿಕ್ಕಿಕೊಂಡ ಹಡಗಿನ ಕಥೆ. ಓದಿದ ಮೇಲೆ ನಿಮ್ಮ ಕಷ್ಟ ಚಿಕ್ಕದಾಗಿ ಕಾಣುತ್ತದೆ.' 'ನಿವೃತ್ತರಾಗಿ ಅಡುಗೆಮನೆಯಲ್ಲಿ ಮೂಗು ತೂರಿಸುತ್ತಿರುವ ಗಂಡಸರಿಗೆ: ಆರುನೂರು ಪುಟ, ಏಳು ಕೊಲೆ. ಮನೆಯವರಿಗೆ ಎರಡು ತಿಂಗಳು ನೆಮ್ಮದಿ.' ಚೀಟಿ ಓದಿ ನಗುತ್ತಾ ಜನ ಪುಸ್ತಕ ಎತ್ತಿಕೊಳ್ಳುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಯಜಮಾನರ ಹೆಂಡತಿಯ ಅಣ್ಣನಿಗೆ ಮಾತ್ರ ಅಷ್ಟು ಸಾಕಾಗಲಿಲ್ಲ. ನಾವು ಅಂಗಡಿಯವರು ಅವನಿಗೆ ಇಟ್ಟ ಹೆಸರು ಮುನ್ನುಡಿ. ಪುಸ್ತಕದಲ್ಲಿ ಮುನ್ನುಡಿ ದಾಟಿ ಅವನು ಮುಂದೆ ಹೋದದ್ದನ್ನು ಯಾರೂ ಕಂಡಿಲ್ಲ. ಧ್ವನಿಯೊಂದು ಚೆನ್ನಾಗಿದೆ, ಗಂಟೆ ಬಾರಿಸಿದ ಹಾಗೆ. ಆ ಧ್ವನಿಯಿಂದ ರೇಡಿಯೊದಲ್ಲಿ ವಾರಕ್ಕೊಂದು ಕಾರ್ಯಕ್ರಮ ಗಿಟ್ಟಿಸಿಕೊಂಡಿದ್ದ: 'ಏನು ಓದಲಿ?' ಜನ ಫೋನು ಮಾಡಿ ವಯಸ್ಸು, ಅಭಿರುಚಿ ಹೇಳುತ್ತಾರೆ, ಇವನು ಪುಸ್ತಕ ಸೂಚಿಸುತ್ತಾನೆ. ಗುರುವಾರ ಸಂಜೆ ಅಂಗಡಿಗೆ ಬಂದು ಫೋನಿನಲ್ಲಿ ನನ್ನ ಚೀಟಿಗಳ ಫೋಟೊ ಹೊಡೆದುಕೊಂಡು ಹೋಗುವುದು, ಶುಕ್ರವಾರ ಬೆಳಿಗ್ಗೆ ಅದನ್ನೇ ಅಕ್ಷರ ಬಿಡದೆ ಒದರುವುದು. ಬಾವಿಗೆ ಬಿದ್ದ ಮೇಷ್ಟ್ರು ಅವನ ಬಾಯಲ್ಲಿ ಊರೆಲ್ಲ ಸುತ್ತಿದರು.

ಹೋಗಲಿ ಅಂತ ಸುಮ್ಮನಿದ್ದೆ. ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಪುಸ್ತಕ ಓದುವವರ ಕೈ ಸೇರಿದರೆ ಸರಿ, ಯಾರ ಬಾಯಿಂದ ಹೋದರೇನು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆಮೇಲೆ ಅವನು ನನ್ನ ಅಮ್ಮನಿಗೆ ಕೈ ಹಾಕಿದ.

ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಇರುವುದು ಒಂದೇ ಫೋಟೊ, ಅದರಲ್ಲೂ ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮುಖ. ಅವಳ ಬಗ್ಗೆ ಯಾರೂ ಎಲ್ಲೂ ಒಂದು ಸಾಲು ಬರೆದವರಲ್ಲ. ಒಂದು ದಿನ ಪೆಟ್ಟಿಗೆ ಬಿಚ್ಚಿದಾಗ, ನನ್ನ ಚಿಕ್ಕಂದಿನ ಚಿತ್ರಪುಸ್ತಕ ಹೊಸದಾಗಿ ಅಚ್ಚಾಗಿ ಬಂದಿತ್ತು. ಕೊಡೆ ಕಳೆದುಕೊಂಡ ಕತ್ತೆಯ ಕಥೆ. ಅಲ್ಲೇ ಪೆಟ್ಟಿಗೆಯ ಮೇಲೆ ಕೂತು ಚೀಟಿ ಬರೆದೆ.

'ಮೂರರಿಂದ ಆರು ವರ್ಷದವರಿಗೆ, ಮತ್ತು ಓದು ಬಾರದ ಅಮ್ಮಂದಿರಿಗೆ: ನನ್ನಮ್ಮ ಮನೆಯಲ್ಲಿ ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಈ ಪುಸ್ತಕವನ್ನು ಗೋಡೆಗೆ ಒರಗಿಸಿ, ಚಿತ್ರ ನೋಡುತ್ತಾ ಕಥೆ ಹೇಳುತ್ತಿದ್ದಳು. ಪೊಲೀಸರ ಅಂಗಿ ಉಜ್ಜುವ ದಿನ ಕತ್ತೆ ಠಾಣೆಗೆ ದೂರು ಕೊಡಲು ಹೋಗುತ್ತಿತ್ತು. ಡಾಕ್ಟರ ಕೋಟು ಬಂದ ದಿನ ಆಸ್ಪತ್ರೆಯ ಮಂಚದಡಿ ಕೊಡೆ ಹುಡುಕುತ್ತಿತ್ತು. ಓದಲು ಕಲಿತ ಮೇಲೆ ನೋಡಿದರೆ ಪುಸ್ತಕದಲ್ಲಿದ್ದ ಕಥೆಯೇ ಬೇರೆ. ನನಗೆ ಸಿಟ್ಟು ಬಂದದ್ದು ಅಮ್ಮನ ಮೇಲಲ್ಲ, ಬರೆದವರ ಮೇಲೆ.'

ಮುಂದಿನ ಶುಕ್ರವಾರ ಏಣಿ ಹತ್ತಿ ನಿಘಂಟುಗಳ ದೂಳು ಒರೆಸುತ್ತಿದ್ದೆ. ಕೆಳಗೆ ರೇಡಿಯೊ ಹಾಡುತ್ತಿತ್ತು. "ನಮ್ಮಮ್ಮ ಓದು ಬರಹ ಕಂಡವಳಲ್ಲ," ಎಂದಿತು ಆ ಗಂಟೆಯ ಧ್ವನಿ. "ಊರವರ ಬಟ್ಟೆ ಇಸ್ತ್ರಿ ಮಾಡಿ ನನ್ನನ್ನು ಸಾಕಿದಳು..." ಠಾಣೆ ಬಂತು, ಆಸ್ಪತ್ರೆ ಬಂತು, ಮಂಚದಡಿ ಬಂತು. ಕೊನೆಗೆ ಗಂಟಲು ಕಟ್ಟಿದಂತೆ ಮಾಡಿ ಒಂದು ಕ್ಷಣ ನಿಲ್ಲಿಸಿದ. ಫೋನು ಮಾಡಿದ್ದ ಹೆಂಗಸು ಆ ಕಡೆಯಿಂದ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಮೈಯೆಲ್ಲ ಉರಿದುಹೋಯಿತು.

ಗುರುವಾರ ಅವನು ಬಂದಾಗ ದಾರಿಗೆ ಅಡ್ಡ ನಿಂತೆ. "ಅದು ನಮ್ಮಮ್ಮ," ಎಂದೆ.

"ಏನಮ್ಮಾ, ಇಷ್ಟಕ್ಕೆಲ್ಲ ಮುಖ ಊದಿಸ್ಕೊಂಡ್ರೆ ಹೇಗೆ? ನಿಮ್ಮಮ್ಮ ಆದ್ರೇನು, ನಮ್ಮಮ್ಮ ಆದ್ರೇನು, ಕಥೆ ಜನಕ್ಕೆ ಮುಟ್ತಲ್ಲ! ನೀನು ಹೇಳಿದ್ರೆ ಯಾರು ಕೇಳ್ತಿದ್ರು?"

ಯಜಮಾನರನ್ನು ನೋಡಿದೆ. ಅವರು ಕನ್ನಡಕ ಒರೆಸಿಕೊಳ್ಳತೊಡಗಿದರು. "ಅಂಗಡಿಯ ಚೀಟಿ ಅಂದ್ಮೇಲೆ ಅಂಗಡಿಯದ್ದೇ ಅಲ್ವೇನಮ್ಮ," ಎಂದರು.

ಅಂದಿನಿಂದ ಜನ ಬಂದು ನನ್ನನ್ನೇ ಕೇಳುವುದು: "ಆ ಸಾರ್ ಅವರ ಅಮ್ಮನ ಕತ್ತೆ ಪುಸ್ತಕ ಇದ್ಯಾ?" ನಾನೇ ತೆಗೆದುಕೊಡಬೇಕು. ಒಬ್ಬಾಕೆಯಂತೂ, "ಎಂಥಾ ತಾಯಿ ನೋಡಿ, ಅದಕ್ಕೇ ಅಂಥಾ ಮಗ," ಎಂದು ನನ್ನೆದುರೇ ಕಣ್ಣೊರೆಸಿಕೊಂಡಳು. ದಿನಕ್ಕೆ ನಾಲ್ಕೈದು ಸಲ ನನ್ನ ಕೈಯಿಂದಲೇ ನನ್ನಮ್ಮನನ್ನು ಕಾಗದದ ಚೀಲಕ್ಕೆ ಹಾಕಿ ಅವನ ಅಮ್ಮನೆಂದು ಕಳಿಸುತ್ತಿದ್ದೆ. ಸೇಡು ತೀರಿಸಿಕೊಳ್ಳದಿದ್ದರೆ ಹೆಸರಿಲ್ಲದೆ ಬದುಕಿದವಳು ಸತ್ತ ಮೇಲೂ ಹೆಸರಿಲ್ಲದೆ ಹೋಗುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

ಮೊದಲು ಹೊಳೆದದ್ದು ಸುಲಭದ ದಾರಿ. ಸುಳ್ಳು ಚೀಟಿ ಬರೆಯುವುದು. ಹೆಣಗಳು ಎದ್ದು ಓಡಾಡುವ ಕಾದಂಬರಿಗೆ 'ಐದು ವರ್ಷದ ಮುದ್ದು ಮಕ್ಕಳಿಗೆ' ಎಂದು ಬರೆದೂ ಬಿಟ್ಟೆ. ಅವನು ರೇಡಿಯೊದಲ್ಲಿ ಒದರಲಿ, ಮಾನ ಹೋಗಲಿ. ಆದರೆ ಆ ಪುಸ್ತಕ ತೆಗೆದುಕೊಂಡು ಹೋಗುವ ಅಪ್ಪ, ಅದನ್ನು ಕೇಳಿಸಿಕೊಂಡು ದಿಂಬಿನಡಿ ತಲೆ ತೂರಿಸುವ ಮಗು ಕಣ್ಮುಂದೆ ಬಂದರು. ಓದುವವರು ನನ್ನವರು. ಅವರ ಮೇಲೆ ಕಾಲಿಟ್ಟು ಅವನನ್ನು ತುಳಿಯಲಾರೆ. ಚೀಟಿ ಹರಿದು ಹಾಕಿದೆ.

ದಾರಿ ತೋರಿಸಿದ್ದು ತಿಂಗಳ ಮೊದಲ ಶನಿವಾರ. ಅಂದು ನಾನು ಮುನ್ನುಡಿಯ ತಾಯಿಗೆ ಪುಸ್ತಕ ಕೊಟ್ಟುಬರುವ ದಿನ.

ಹೌದು, ಅವನ ತಾಯಿ ಬದುಕಿದ್ದಾರೆ. ಎಪ್ಪತ್ತೆಂಟು. ಮೂವತ್ತಾರು ವರ್ಷ ಶಾಲೆಯಲ್ಲಿ ಕಲಿಸಿದವರು, ಅದರಲ್ಲಿ ಹದಿನೆಂಟು ವರ್ಷ ಹೆಡ್‌ಮಿಸ್. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು. ರೇಡಿಯೊದವನು ಇವರ ಮಗನೆಂದು ಮಾತ್ರ ಆ ಜನಕ್ಕೆ ಗೊತ್ತಿರಲಿಲ್ಲ. ಈಗ ಮಂಡಿನೋವು, ಹೊರಗೆ ಹೊರಡುವುದು ಅಪರೂಪ. ಅವರಿಗೆ ಬೇಕಾದದ್ದು ಪತ್ತೇದಾರಿ, ಅದೂ ದಪ್ಪಕ್ಷರದ್ದು. ಓದುವಾಗ ಕೈಯಲ್ಲಿ ಕೆಂಪು ಪೆನ್ನು. ಅಚ್ಚಿನ ತಪ್ಪು ಕಂಡರೆ ಸುತ್ತು ಹಾಕುತ್ತಾರೆ, ಕೊನೆಯ ಪುಟದಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಯಾವ ಲೇಖಕರೂ ಇನ್ನೂ ಏಳು ದಾಟಿಲ್ಲ.

"ಮಗ ರೇಡಿಯೊದಲ್ಲಿ ಮಾತಾಡೋದು ಕೇಳ್ತೀರಾ ಮೇಡಂ?" ಎಂದು ಕೇಳಿದೆ, ಪುಸ್ತಕ ಮೇಜಿನ ಮೇಲಿಡುತ್ತಾ.

"ಮನೇಲಿ ಕೇಳಿದ್ದೇ ಸಾಕಾಗಿದೆ. ಯಾಕೆ, ಏನಾದ್ರೂ ಒಳ್ಳೇದು ಹೇಳ್ತಾನಾ?"

ನಾನು ಅಲ್ಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಲ್ಕು ಗೋಡೆಯೊಳಗೆ ತಾಯಿ ಮಗನನ್ನು ಗದರಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿರಲಿಲ್ಲ. ಕದ್ದದ್ದು ಊರ ಮುಂದೆ, ವಾಪಸು ಕೊಡುವುದೂ ಊರ ಮುಂದೆಯೇ ಆಗಬೇಕು.

"ಮುಂದಿನ ಭಾನುವಾರ ಬೆಳಿಗ್ಗೆ ಅಂಗಡೀಲೇ ಅವರ ಕಾರ್ಯಕ್ರಮ ಇದೆ ಮೇಡಂ. ಜನ ಬಂದು ಏನು ಓದ್ಲಿ ಅಂತ ಕೇಳ್ತಾರೆ, ಅವರು ಹೇಳ್ತಾರೆ. ಈ ತಿಂಗಳು ನಾನು ನಿಮಗೆ ಪುಸ್ತಕದ ಬದಲು ಇದನ್ನೇ ಶಿಫಾರಸು ಮಾಡ್ತೀನಿ. ಟ್ಯಾಕ್ಸಿ ಕಳಿಸ್ತೀನಿ. ಅವರಿಗೆ ಮಾತ್ರ ಹೇಳ್ಬೇಡಿ, ನೋಡಿ ಬೆರಗಾಗ್ಲಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೋಂವರ್ಕ್ ಮಾಡದೆ ಬಂದವಳನ್ನು ನೋಡುವ ನೋಟ. "ಇದರಲ್ಲಿ ಕೊಲೆ ಇದ್ಯಾ?" ಎಂದರು.

"ಒಂದು ಕಳ್ಳತನ ಇದೆ ಮೇಡಂ."

"ಸರಿ, ಬರ್ತೀನಿ."

ಭಾನುವಾರ ನಲವತ್ತು ಕುರ್ಚಿ ಹಾಕಿದೆವು, ಸಾಲದೆ ಜನ ಗೋಡೆಗೆ ಒರಗಿ ನಿಂತರು. ಮುನ್ನುಡಿಯ ಮುಂದೆ ನಾನೇ ಜೋಡಿಸಿದ ಚೀಟಿಗಳ ಕಡತ, ವಯಸ್ಸಿನ ಪ್ರಕಾರ. ಎಲ್ಲವೂ ಅಪ್ಪಟ ನಿಜವಾದ ಚೀಟಿಗಳು. ಅವನ ತಾಯಿಯನ್ನು ಹಿಂದಿನ ಬಾಗಿಲಿಂದ ಕರೆತಂದು ನಿಘಂಟಿನ ಕಪಾಟಿನ ಮರೆಯಲ್ಲಿ ಕೂರಿಸಿದೆ.

ಅವನೂ ಚೆನ್ನಾಗಿಯೇ ಮಾತಾಡಿದ ಅನ್ನಿ. ಹನ್ನೊಂದು ವರ್ಷದ ಹುಡುಗಿ ದೆವ್ವದ ಕಥೆ ಕೇಳಿದಳು, ಕೊಟ್ಟ. ಗಣಿತವೆಂದರೆ ನಡುಗುವ ದರ್ಜಿ ಒಬ್ಬರು ಸುಲಭದ ವಿಜ್ಞಾನ ಕೇಳಿದರು, ಕೊಟ್ಟ. ಹೊಸದಾಗಿ ಅಜ್ಜಿಯಾದವರಿಗೆ ಪ್ರವಾಸಕಥನ ಕೊಟ್ಟ: 'ಮೊಮ್ಮಗು ಮಲಗಿದಾಗ ಹತ್ತು ಹತ್ತು ಪುಟ ಊರು ಬಿಟ್ಟು ಹೋಗಿಬನ್ನಿ.' ಜನ ಚಪ್ಪಾಳೆ ತಟ್ಟಿದರು. ಒಂದೊಂದೂ ನನ್ನ ಮಾತು. ನಾನು ಹಿಂದೆ ನಿಂತು ಕಾಯುತ್ತಿದ್ದೆ.

"ಸಾರ್, ಅಮ್ಮನ ಕತ್ತೆ ಕಥೆ ಒಂದ್ಸಲ ನಿಮ್ಮ ಬಾಯಲ್ಲೇ ಹೇಳಿ," ಎಂದಿತು ಯಾವುದೋ ದನಿ. ಯಾರಾದರೂ ಕೇಳಿಯೇ ಕೇಳುತ್ತಾರೆಂದು ನನಗೆ ಗೊತ್ತಿತ್ತು.

ಅವನು ಕಣ್ಣು ಮುಚ್ಚಿದ. "ನಮ್ಮಮ್ಮ ಓದು ಬರಹ ಕಂಡವಳಲ್ಲ," ಎಂದು ಶುರು ಮಾಡಿದ. ಪೊಲೀಸರ ಅಂಗಿ ದಾಟಿ ಡಾಕ್ಟರ ಕೋಟಿಗೆ ಬಂದಿದ್ದ. ಅಷ್ಟರಲ್ಲಿ ನಿಘಂಟಿನ ಮರೆಯಿಂದ ಒಂದು ಕೈ ಮೇಲೆದ್ದಿತು. ಕೈಯ ಹಿಂದೆ, ಊರುಗೋಲು ಊರಿಕೊಂಡು, ಹೆಡ್‌ಮಿಸ್ ಎದ್ದು ನಿಂತರು.

ಆಮೇಲೆ ಆದದ್ದನ್ನು ನಾನು ಯೋಚಿಸಿಯೂ ಇರಲಿಲ್ಲ. ಕುರ್ಚಿಗಳಲ್ಲಿದ್ದ ಹತ್ತು ಹನ್ನೆರಡು ಜನ, ತಲೆ ನರೆತವರು, ಬೋಳಾದವರು, ಹಿಂದೆ ತಿರುಗಿ ನೋಡಿದವರೇ ತಾವೂ ದಡಬಡನೆ ಎದ್ದು ನಿಂತುಬಿಟ್ಟರು. ದರ್ಜಿಯಂತೂ ಕೈಕಟ್ಟಿಕೊಂಡರು.

"ಕೂತ್ಕೊಳ್ಳಿ," ಎಂದರು ಹೆಡ್‌ಮಿಸ್. ಕೂತರು. ಮುನ್ನುಡಿ ಕಣ್ಣು ಬಿಟ್ಟ. ಅವನ ಮುಖ ಸುಣ್ಣವಾಯಿತು.

"ಓದು ಬಾರದೋಳು ಯಾರಪ್ಪಾ?"

ಅವನು ಮುಂದಿದ್ದ ಕಡತದ ಹಾಳೆ ತಿರುವಿದ.

"ನಾನು ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದನ್ನ ಯಾವತ್ತಾದ್ರೂ ನೋಡಿದ್ಯಾ? ಇರ್ಲಿ. ಕಥೆ ಚೆನ್ನಾಗಿದೆ. ಆದ್ರೆ ಈ ತಾಯಿ ನಾನಲ್ಲ. ಯಾರ ತಾಯಿ ಇವರು?"

ನಾನು ಬಾಯಿ ತೆರೆದೆ. "ನಮ್ಮಮ್ಮ, ಮೇಡಂ."

"ಜೋರಾಗಿ ಹೇಳು. ಹಿಂದಿನ ಬೆಂಚಿಗೂ ಕೇಳ್ಬೇಕು."

"ನಮ್ಮಮ್ಮ!" ಎಂದೆ. ಕೂಗಿಯೇ ಬಿಟ್ಟೆ. "ಚೀಟಿ ನಂದು. ಕಥೆ ನಮ್ಮಮ್ಮಂದು. ಇವರು ಕದ್ರು."

ನಲವತ್ತು ತಲೆಗಳು ನನ್ನ ಕಡೆ ತಿರುಗಿದವು. ಆಮೇಲೆ ಆ ಹನ್ನೊಂದು ವರ್ಷದ ಹುಡುಗಿ ಕೇಳಿದಳು, "ಆಂಟಿ, ಕೊಡೆ ಕೊನೆಗೆ ಸಿಗ್ತಿತ್ತಾ?" ಹೇಳಿದೆ. ಕಂಡಕ್ಟರ ಅಂಗಿ ಇದ್ದ ದಿನ ಬಸ್ಸಿನಲ್ಲಿ ಸಿಗುತ್ತಿತ್ತು, ಮದುವೆ ಸೀರೆ ಬಂದ ದಿನ ಮದುಮಗಳ ಕೈಯಲ್ಲಿ ಸಿಗುತ್ತಿತ್ತು. ಚೀಟಿಯಲ್ಲಿ ಬರೆಯದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿದೆ. ಜನ ನಕ್ಕರು. ಮುನ್ನುಡಿ ಯಾವಾಗ ಎದ್ದು ಹೋದನೋ ಯಾರೂ ನೋಡಲಿಲ್ಲ.

ಹದಿನೈದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ರೇಡಿಯೊದವರು ಕಾರ್ಯಕ್ರಮ ನಿಲ್ಲಿಸಿದರೆಂದು ಕೇಳಿ ಎರಡು ಲೋಟ ಟೀ ಹೆಚ್ಚಿಗೆ ಕುಡಿದೆ. ಪಾಪ ಅನ್ನಿಸಲಿಲ್ಲ, ಸುಳ್ಳೇಕೆ ಹೇಳಲಿ. ಯಜಮಾನರು ಈಗ ಪ್ರತಿ ಚೀಟಿಯ ಕೆಳಗೂ ನನ್ನ ಸಹಿ ಇರಲಿ ಎಂದರು.

ಅಷ್ಟರಲ್ಲಿ ಹೆಡ್‌ಮಿಸ್ ಫೋನು ಬಂತು.

"ಒಂದು ಪುಸ್ತಕ ಬೇಕಾಗಿತ್ತಮ್ಮ. ಪತ್ತೇದಾರಿ ಅಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಹೇಳೋ ಅಂಥ ಕಥೆ."

ಬಾಯಿಗೆ ಬಂದದ್ದು ಎಂದಿನ ಪ್ರಶ್ನೆಯೇ. "ಮಗೂಗೆ ವಯಸ್ಸೆಷ್ಟು ಮೇಡಂ?"

"ಐವತ್ತೆರಡು."

ಬರೆದುಕೊಳ್ಳಲು ಎತ್ತಿದ್ದ ಪೆನ್ನು ಕೆಳಗಿಟ್ಟೆ.

"ಅವನು ಚಿಕ್ಕೋನಿದ್ದಾಗ ದಿನಾ ಬಂದು ಕಥೆ ಹೇಳು ಅಂತಿದ್ದ. ನನ್ನ ತೊಡೆ ಮೇಲೆ ಊರ ಮಕ್ಕಳ ಪುಸ್ತಕದ ರಾಶಿ, ತಿದ್ದಬೇಕಿತ್ತು. ನಿನಗೆ ಓದೋಕೆ ಬರುತ್ತಲ್ಲ, ನೀನೇ ಓದ್ಕೋ ಅಂತಿದ್ದೆ. ಒಂದಿನಾನೂ ಹೇಳ್ಲಿಲ್ಲ ಕಣಮ್ಮ. ಅವನು ಮಾಡಿದ್ದು ತಪ್ಪೇ. ನಾನೇನೂ ಅಂಕ ಕೊಡ್ತಿಲ್ಲ. ಈಗ ದಿನಾ ಬಂದು ಸುಮ್ಮನೆ ಕೂತ್ಕೋತಾನೆ. ಅದಕ್ಕೆ ಕೇಳ್ದೆ."

ಫೋನಿಟ್ಟು ಕಪಾಟಿನ ಮುಂದೆ ತುಂಬಾ ಹೊತ್ತು ನಿಂತೆ. ಸಿಟ್ಟು ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ. ಇಲ್ಲದ್ದನ್ನು ಕೇಳಿ ಪಡೆಯಬಹುದಿತ್ತು, ಕದಿಯಬೇಕಿರಲಿಲ್ಲ. ಆದರೆ ಯಾವ ಪುಸ್ತಕ ಎಂಬ ಬಗ್ಗೆ ನನಗೆ ಅನುಮಾನವಿರಲಿಲ್ಲ. ಓದುವವರಿಗೆ ತಪ್ಪು ಪುಸ್ತಕ ಕೊಟ್ಟು ಗೊತ್ತಿಲ್ಲ. ಕತ್ತೆಯನ್ನು ಕೆಳಗಿಳಿಸಿದೆ. ಕಪಾಟಿನ ಅಂಚಿನ ಹಳದಿ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ನನ್ನ ಕೈಚೀಲದಲ್ಲಿ ಹಾಕಿಕೊಂಡೆ.

ಬಾಗಿಲು ತೆಗೆದದ್ದು ಅವನೇ. ಇಸ್ತ್ರಿಯಿಲ್ಲದ ಅಂಗಿ, ಗಡ್ಡ. ನನ್ನ ಮುಖ ನೋಡದೆ ಕೈಚಾಚಿ ಪುಸ್ತಕ ತೆಗೆದುಕೊಂಡ. ಹೊದಿಕೆ ನೋಡಿದ. ಆಮೇಲೆ ಹಳೆಯ ಅಭ್ಯಾಸ, ಮುಂದೆ ತಿರುಗಿಸಿ ನೋಡಿದ, ಹಿಂದೆ ತಿರುಗಿಸಿ ನೋಡಿದ, ಪುಟ ಕೊಡವಿದ.

"ಚೀಟಿ ಇಲ್ವಾ?" ಎಂದ ಸಣ್ಣಗೆ.

"ಇಲ್ಲ," ಎಂದೆ. "ಒಳಗೆ ನಿಮ್ಮಮ್ಮ ಇದ್ದಾರೆ. ಅವರು ಹೇಳ್ತಾರೆ, ಕೇಳಿ."